ಮೂತಿಗೆ ಮುದ್ದೆ

ಗುಬ್ಬಿಯ ಸಿದ್ದಗಂಗಯ್ಯನವರ ಮನೆಯಲ್ಲಿ ಏನೇ ಕೆಟ್ಟರೂ ದೊಡ್ಡಳಿಯ ರವೀಶನೇ ಬರಬೇಕಿತ್ತು. ಮಿಕ್ಸಿಯೋ ರೇಡಿಯೋವೋ, ಅವನು ಕೈಯಿಟ್ಟರೆ ಸರಿಹೋಗುತ್ತಿತ್ತು. ತುಮಕೂರಿನ ಉಪ್ಪಾರಹಳ್ಳಿಯಿಂದ ಬಂದವನಿಗೆ ಮಾವ ಕಾಫಿಗಿಂತ ಮೊದಲು ಕೆಟ್ಟ ಸಾಮಾನು ತೋರಿಸುತ್ತಿದ್ದರು. ರವೀಶ ಮೇಲೆ ಗೊಣಗಿ ಒಳಗೊಳಗೇ ಬೀಗುತ್ತಿದ್ದ. ಕಿರಿಮಗಳು ಶಾಂತಲಾಳನ್ನು ಕುಣಿಗಲ್ಲಿನ ಮೇಷ್ಟ್ರು ಕಾಂತೇಶ ಮದುವೆಯಾಗುವವರೆಗೆ ಆ ಮನೆಗೆ ಬುದ್ಧಿವಂತ ಅಂದರೆ ಅವನೊಬ್ಬನೇ.

ತೊಂಬತ್ತೇಳರ ಬೇಸಿಗೆ ರಜೆಗೆ ಕಾಂತೇಶ ಬೆಂಗಳೂರಿನಿಂದ ಒಂದು ಡಬ್ಬಿ ತಂದ. ಒಳಗೆ ಬಾಲ್ಸಾ ಎಂಬ ಮರದ ತೆಳು ಹಲಗೆಗಳು, ಬೆಂಡಿನಷ್ಟು ಹಗುರ. ಜೊತೆಗೊಂದು ನಕ್ಷೆ. ಮಾವನ ಜಗಲಿಯಲ್ಲಿ ನಕ್ಷೆ ಹಾಸಿಕೊಂಡು, ಬ್ಲೇಡಿನಿಂದ ಹಲಗೆ ಕೊಯ್ದು, ಗುಂಡುಪಿನ್ನು ಚುಚ್ಚಿ, ಗೋಂದು ಹಚ್ಚಿ, ಕೈಯಿಂದ ಎಸೆದರೆ ತೇಲುವ ವಿಮಾನ ಕಟ್ಟಲು ಕೂತ. ಜನ್ಮದಲ್ಲಿ ಇದೇ ಮೊದಲು. ಹಲಗೆಗಿಂತ ಬೆರಳನ್ನೇ ಹೆಚ್ಚು ಕೊಯ್ದುಕೊಂಡ. ಬಾಲಕ್ಕೆ ಅಂಟಿಸಿದ ಕಾಗದ ಹರಿದು ತೇಪೆಯ ಮೇಲೆ ತೇಪೆ ಬಿತ್ತು. ಆದರೂ ಮಾವ ಎದುರಿಗೇ ಕುರ್ಚಿ ಹಾಕಿಕೊಂಡು, ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದರು. "ನಮ್ ಕಾಂತೇಶ ವಿಮಾನ ಕಟ್ತಾವ್ನೆ, ಬನ್ರೀ."

ನಮ್ಮ ಕಾಂತೇಶನಂತೆ! ಶನಿವಾರ ಬಂದಿಳಿದ ರವೀಶನ ಹೊಟ್ಟೆಗೆ ಬೆಂಕಿ ಬಿತ್ತು. ಆವತ್ತು ಅವನಿಗೆ ಯಾರೂ ಕೆಟ್ಟ ಸಾಮಾನು ತೋರಿಸಲಿಲ್ಲ.

ಭಾನುವಾರ ಬೆಳಗ್ಗೆ ವಿಮಾನ ಮುಗಿಯಿತು. ಅತ್ತೆ ಬಾಗಿಲಲ್ಲೇ ಕೂತು ರಾಗಿ ಕೇರುತ್ತಿದ್ದರು. ರವೀಶ ಅದರ ರೆಕ್ಕೆಗಳ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ ನೋಡಿದ. ಬಾಲ ಜೋತುಬಿತ್ತು. ಮೂತಿಗೆ ಚೂರು ಭಾರ ಕಟ್ಟದಿದ್ದರೆ ಇದು ಎಸೆದ ಕೂಡಲೇ ಮೂತಿಯೆತ್ತಿ ನೆಲಕ್ಕೆ ಬಡಿಯುತ್ತದೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು.

"ಅಣ್ಣಾ, ಸರಿಯಾಗಿದ್ಯಾ? ನಿಮಗಾದ್ರೆ ಗೊತ್ತಾಗುತ್ತೆ" ಎಂದ ಕಾಂತೇಶ.

"ಚೆನ್ನಾಗಿದೆ ಬಿಡಪ್ಪ, ಹಾರ್ಸು."

ಹಾಗೆಂದ ಮೇಲೆ ರವೀಶನ ಉರಿ ಕೊಂಚ ತಣಿಯಿತು. ಮುರಿದ ರೆಕ್ಕೆ ಹಿಡಿದು ಮಾವ ತನ್ನ ಹತ್ತಿರವೇ ಬರುವುದನ್ನು ನೆನೆಸಿಕೊಂಡು ಊಟಕ್ಕೆ ಎರಡು ಮುದ್ದೆ ಹೆಚ್ಚಾಗಿಯೇ ನುಂಗಿದ.

ಸಂಜೆ ಎಲ್ಲರೂ ಸ್ಕೂಲ್ ಫೀಲ್ಡಿಗೆ ಹೊರಟಾಗ ಅತ್ತೆ ಸಿದ್ದಲಕ್ಷ್ಮಮ್ಮ ಅಡ್ಡ ಬಂದರು. ದೃಷ್ಟಿಬೊಟ್ಟು ಇಡದೆ ಹೊಸ ವಸ್ತು ಹೊಸಿಲು ದಾಟಬಾರದಂತೆ. ಬೆರಳಲ್ಲಿ ಮಸಿ ತೀಡಿದರೆ ಕಾಗದ ಹರಿದೀತೆಂದು, ಉಳಿದ ಮುದ್ದೆಯ ಚೂರಿಗೆ ಮಸಿ ಕಲಸಿ, ಅಡಿಕೆ ಗಾತ್ರದ ಉಂಡೆ ಮಾಡಿ ವಿಮಾನದ ಮೂತಿಗೆ ಒತ್ತಿಬಿಟ್ಟರು.

ರವೀಶ ಮುಂದೆ ನುಗ್ಗಿದ. "ಅತ್ತೆ, ತೆಗೀರಿ ಅದನ್ನ. ಅಸಹ್ಯವಾಗಿ ಕಾಣುತ್ತೆ."

"ಅಸಹ್ಯವಾಗಿ ಕಾಣ್ಲಿ ಅಂತ್ಲೇ ದೃಷ್ಟಿಬೊಟ್ಟು ಇಡೋದು, ಸುಮ್ನಿರಿ."

ಕಾಂತೇಶ ಎಸೆದ. ವಿಮಾನ ನೀರಿನ ಮೇಲೆ ಜಾರಿದ ಹಾಗೆ ಇಡೀ ಫೀಲ್ಡು ದಾಟಿ ಮೆಲ್ಲಗೆ ಹುಲ್ಲಿಗೆ ಇಳಿಯಿತು. ಸಿದ್ದಗಂಗಯ್ಯನವರು ವಯಸ್ಸು ಮರೆತು ಚಪ್ಪಾಳೆ ಹೊಡೆದರು. ಕಾಂತೇಶ ಓಡಿ ಬಂದು ರವೀಶನ ಕೈ ಹಿಡಿದುಕೊಂಡ. "ಅಣ್ಣಾ, ನೀವು ಚೆನ್ನಾಗಿದೆ ಅಂದ್ರಲ್ಲ, ಅದಕ್ಕೇ ಧೈರ್ಯ ಬಂತು."

ರವೀಶನಿಗೆ ತಡೆಯಲಾಗಲಿಲ್ಲ. "ನಿನ್ನ ಕೈಚಳಕ ಏನೂ ಇಲ್ಲ ಕಣಯ್ಯ. ಆ ಮುದ್ದೆ ಭಾರಕ್ಕೆ ಹಾರ್ತು. ಬಾಲ ಭಾರ ಆಗಿತ್ತು, ಬೆಳಗ್ಗೆನೇ ನೋಡಿದ್ದೆ ನಾನು."

ಆಡಿದ ಮೇಲೆ ತಾನೇನು ಒಪ್ಪಿಕೊಂಡೆನೆಂದು ಅವನಿಗೆ ತಿಳಿಯಿತು. ಕಾಂತೇಶನ ಹಿಡಿತ ಸಡಿಲವಾಯಿತು. ಮಾವ ಚಪ್ಪಾಳೆ ನಿಲ್ಲಿಸಿ ದೊಡ್ಡಳಿಯನ ಮುಖ ನೋಡಿದರು.

"ನೀವು ನೋಡಿದ್ದನ್ನ ನಾನೂ ನೋಡ್ದೆ" ಎಂದರು ಸಿದ್ದಲಕ್ಷ್ಮಮ್ಮ. "ಅದಕ್ಕೇ ಬೊಟ್ಟಿಟ್ಟೆ."