ಕಬ್ಬಿಣದ ಬಾನೆಟ್

ಗಂಡನ ಕೊನೆಯ ಸ್ನಾನಕ್ಕೆ ಹಂಡೆ ತುಂಬಿಸುತ್ತಿದ್ದ ಕಾಂತಿ, ಅರ್ಧ ಸುರಿದ ಕೊಡವನ್ನು ಹಾಗೇ ಹಿಡಿದು ನಿಂತಳು. ಶೆಡ್ಡಿನಲ್ಲಿ ಯಾರೋ ಕಾರಿನ ಟಾರ್ಪಾಲು ಎತ್ತುತ್ತಿದ್ದರು.

ರಮಾನಾಥ ತೀರಿಕೊಂಡು ಇನ್ನೂ ಐದು ತಾಸಾಗಿರಲಿಲ್ಲ. ಬಂಟ್ವಾಳದಿಂದ ನೆಂಟರು ಬರುತ್ತಲೇ ಇದ್ದರು.

ಶೆಡ್ಡಿನಲ್ಲಿದ್ದವನು ರಂಜಿತ್, ಮಂಗಳೂರಿನಲ್ಲಿ ಹಳೆಯ ಕಾರುಗಳ ವ್ಯಾಪಾರಿ. ಜೊತೆಗೆ ಮೈದುನ ಶೋಧನ್.

"ಇವರು ಎಂತಕ್ಕೆ ಬಂದದ್ದು?"

"ಅಣ್ಣನನ್ನು ನೋಡ್ಲಿಕ್ಕೆ, ಅತ್ತಿಗೆ."

"ನಿಮ್ಮ ಅಣ್ಣ ಜಗಲಿಯಲ್ಲಿದ್ದಾರೆ."

ಶೋಧನ್ ತಡವರಿಸಿದ. "ಹಾಗಲ್ಲ. ರ್‍ಯಾಲಿಗೆ ಇಳಿಸ್ಲಿಕ್ಕೆ ಅಂತಲೇ ಕಂಪನಿ ಮಾಡಿದ ಗಾಡಿಯಲ್ವಾ? ಲೋಕದಲ್ಲೇ ಐನೂರು ಮಾತ್ರ ಇರುವುದು. ಒಮ್ಮೆ ನೋಡ್ತೇನೆ ಅಂದ್ರು."

ರಂಜಿತ್ ಕಿಸೆಯಿಂದ ಸಣ್ಣ ಆಯಸ್ಕಾಂತ ತೆಗೆದು ಬಾನೆಟ್ಟಿಗೆ ಹಿಡಿದ. ಟಕ್ಕೆಂದು ಅಂಟಿತು.

"ಅಸಲಿಗೆ ಅಲ್ಯೂಮಿನಿಯಂ ಬಾನೆಟ್, ಹಗುರ ಆಗ್ಲಿಕ್ಕೆ. ಇದು ಕಬ್ಬಿಣ. ಸಾದಾ ಗಾಡಿ ಮಾರಾಯ್ರೆ."

"ಇಪ್ಪತ್ತು ವರ್ಷ ನಮಗೆಲ್ಲ ಟೊಪ್ಪಿ ಹಾಕಿದ ಅಣ್ಣ!" ಶೋಧನ್‌ನ ಸ್ವರ ಅಂಗಳದವರೆಗೂ ಕೇಳಿತು.

* * *

ಕಳೆದ ಆಟಿ ತಿಂಗಳ ಮಳೆಯಲ್ಲಿ ಗುರುತಿಲ್ಲದವರ ಫೋನುಗಳು ಶುರುವಾಗಿದ್ದವು. ಗಾಡಿ ಕೊಡ್ತೀರಾ? ಮಸ್ಕತ್ತಿನ ಗ್ಯಾರೇಜಿನಲ್ಲಿ ರ್‍ಯಾಲಿ ಕಾರುಗಳಿಗೆ ಹನ್ನೆರಡು ವರ್ಷ ದುಡಿದ ರಮಾನಾಥನಿಗೆ ಧಣಿ ಪ್ರೀತಿಯಿಂದ ಕೊಟ್ಟ ಗಾಡಿ ಅದು.

ಒಂದು ಮಧ್ಯಾಹ್ನ ಅವನು ಮೂಡಬಿದ್ರೆಯಿಂದ ಸಾದಾ ಗಾಡಿಯ ಬಾನೆಟ್ ತಂದ. "ಆ ಕಡೆ ಹಿಡಿ." ಕಬ್ಬಿಣದ್ದನ್ನು ಇಬ್ಬರೂ ಏದುಸಿರು ಬಿಡುತ್ತ ಕೂರಿಸಿದರು. ಕಳಚಿದ ಅಸಲಿ ಬಾನೆಟ್ಟನ್ನು ಕಾಂತಿ ಒಬ್ಬಳೇ, ಹಪ್ಪಳ ಒಣಗಿಸುವ ಚಾಪೆ ಎತ್ತಿದಂತೆ, ಅಟ್ಟಕ್ಕೆ ಏರಿಸಿದಳು.

"ಕಬ್ಬಿಣ ಕಂಡ್ರೆ ಯಾರೂ ಕೇಳ್ಲಿಕ್ಕಿಲ್ಲ. ಗಾಡಿ ನಮ್ಮ ಸುರಕ್ಷಾಳಿಗೆ," ಅಂದ.

"ನಿಮ್ಮ ತಮ್ಮನಿಗೂ ಹೇಳುವುದು ಬೇಡವಾ?"

"ಫೋನ್ ಮಾಡುವವರಿಗೆ ನಮ್ಮ ನಂಬ್ರ ಯಾರು ಕೊಟ್ಟದ್ದು ಅಂತ ಗೊತ್ತಾಗ್ಲಿ. ಮತ್ತೆ ಹೇಳುವ."

ಅವನು ಬದುಕಿರುವಾಗ ಗೊತ್ತಾಗಲೇ ಇಲ್ಲ.

* * *

ಸ್ನಾನ ಮುಗಿಸಿ ಮಲಗಿಸಿದ್ದರು. ಅಂಗಳದಲ್ಲಿ ಯಾರೋ ಹೇಳುತ್ತಿದ್ದರು: "ಐನೂರರಲ್ಲಿ ಒಂದಂತೆ! ಹಾಗಾದ್ರೆ ನನ್ನ ರಿಕ್ಷಾವೂ ಐನೂರರಲ್ಲಿ ಒಂದೇ." ನಗು ತಡೆದ ಕೆಮ್ಮು.

ಮಗಳು ಸುರಕ್ಷಾ ಕಾಂತಿಯ ಕಿವಿಯ ಬಳಿ ಬಗ್ಗಿದಳು. "ಅಮ್ಮಾ, ಅಪ್ಪ ಸುಳ್ಳು ಹೇಳಿದ್ದಾ? ಚಿಕ್ಕಪ್ಪ ಎಲ್ಲರ ಹತ್ರ ಹೇಳ್ತಿದ್ದಾರೆ."

ಒಂದು ಮಾತು ಸಾಕಿತ್ತು. ಹೇಳಿದರೆ ಗಂಡನ ಹೆಸರು ಉಳಿಯುತ್ತಿತ್ತು, ಗಾಡಿ ಉಳಿಯುತ್ತಿರಲಿಲ್ಲ. ಮಗಳ ಬೆನ್ನ ಹಿಂದೆ ಶೋಧನ್ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ.

ಕಾಂತಿ ತುಳಸಿ ನೀರನ್ನು ಗಂಡನ ಬಾಯಿಗೆ ಬಿಟ್ಟಳು. ಅದು ತುಟಿಯ ಅಂಚಿನಿಂದ ಹೊರಗೆ ಇಳಿಯಿತು. ಸೆರಗಿನಲ್ಲಿ ಒರೆಸಿದಳು. ತುಸು ತೆರೆದೇ ಇದ್ದ ಅವನ ಬಾಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ಮುಚ್ಚಿದಳು.