ಬೆವರುಕೋಣೆಯ ಗಡಿಯಾರ

ಸ್ವರ್ಣಲತಾ ನೀರುದೋಸೆಗೆ ಅಕ್ಕಿ ಅರೆಯಲು ಕೂತು ಇನ್ನೂ ನಾಲ್ಕು ಸುತ್ತು ತಿರುಗಿಸಿರಲಿಲ್ಲ, ಹಿತ್ತಿಲಿನಿಂದ ಗಂಡ ಕರೆದ. ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿದಳು. ಎರಡನೇ ಸಲ ಕರೆಯಬೇಕಾಗಿ ಬಂದರೆ ಭುಜಂಗನಿಗೆ ಆಗುತ್ತಿರಲಿಲ್ಲ.

ಬಹರೈನಿನ ಹೋಟೆಲೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ಎಂಬತ್ತನಾಲ್ಕನೇ ಇಸವಿಯಲ್ಲಿ ಕಾಪುವಿಗೆ ಮರಳಿದವನು ಅವನು. ಟೇಪ್‌ರೆಕಾರ್ಡರ್ ತಂದವರು ಊರಲ್ಲಿ ಬೇಕಷ್ಟಿದ್ದರು. ಅವನು ತಂದದ್ದು ಸೌನಾ ಹೀಟರು. ಹಿತ್ತಿಲಲ್ಲಿ ಮರದ ಹಲಗೆಯ ಪುಟ್ಟ ಕೋಣೆ ಕಟ್ಟಿಸಿ, ಹೀಟರಿನ ಮೇಲೆ ಕಲ್ಲು ಪೇರಿಸಿದ. ಅದರೊಳಗೆ ಕೂತು ಬೆವರು ಸುರಿಸುವುದು ಅಲ್ಲಿನ ದೊಡ್ಡವರ ಸುಖವಂತೆ. ಹುಟ್ಟಿದಂದಿನಿಂದ ಸೆಖೆಯಲ್ಲೇ ಬೆಂದ ಕಾಪುವಿನವರು ನಕ್ಕು, ಅದಕ್ಕೆ ಬೆವರುಕೋಣೆ ಎಂದೇ ಹೆಸರಿಟ್ಟರು.

ಆ ಬೆಳಿಗ್ಗೆ ಅವನು ಕೋಣೆಯ ಹೊರಗೋಡೆಗೆ ಗಡಿಯಾರದಂಥ ಟೈಮರು ಕೂರಿಸುತ್ತಿದ್ದ. ಅವಳು ಟಾರ್ಚು ಹಿಡಿಯಬೇಕಿತ್ತು. ಬೆಳಕು ಸ್ವಲ್ಪ ಅಲುಗಿತು.

"ಟಾರ್ಚು ಹಿಡಿಯಲಿಕ್ಕೂ ನಿನ್ನ ತವರು ಇನ್ನಂಜೆಯಲ್ಲಿ ಕಲಿಸಿಲ್ಲವಾ ಮಾರಾಯ್ತಿ?"

ಮಗಳ ಮೇಲೆ ಮಾತ್ರ ಅವನಿಗೆ ಅಕ್ಕರೆ. ಏಳು ವರ್ಷದ ವಿನುತಾಳನ್ನು ಹತ್ತಿರ ನಿಲ್ಲಿಸಿಕೊಂಡು ಎಲ್ಲವನ್ನೂ ತೋರಿಸಿದ. ಕರೆಂಟು ಈ ಗಡಿಯಾರದ ಒಳಗಿಂದಲೇ ಹೀಟರಿಗೆ ಹೋಗಬೇಕು. ಬಿರಡೆ ತಿರುಗಿಸಿದರೆ ಟಿಕಟಿಕ ಅನ್ನುತ್ತದೆ. ಹೊತ್ತು ಮುಗಿದಾಗ ಟಿಂಗ್ ಎಂದು ಕರೆಂಟನ್ನು ತಾನೇ ಕಡಿಯುತ್ತದೆ.

"ಮನುಷ್ಯ ಮರೆತರೂ ಇದು ಮರೆಯುವುದಿಲ್ಲ, ಮಗಾ."

ಬಟ್ಟೆ ಒಗೆಯಲು ಬರುತ್ತಿದ್ದ ಸುಗಂಧಿಗೂ ಅದನ್ನು ಕಲಿಸಿದ. ಮಳೆಗಾಲದಲ್ಲಿ ಅವನ ಅಂಗಿ ಒಣಗಲು ಆ ಕೋಣೆಯೇ ಆಯಿತು. ಸ್ವಿಚ್ಚು ಹಾಕಿ, ಬಿರಡೆ ತಿರುಗಿಸಿ, ಟಿಂಗ್ ಎನ್ನುವವರೆಗೆ ಕಾಯುವುದು. ಆಮೇಲೆ ಕಲ್ಲಿನ ಸುತ್ತಲಿನ ಮರದ ಅಡ್ಡಪಟ್ಟಿಗೆ ಅಂಗಿ ಹರವಿ ಬಾಗಿಲು ಎಳೆದುಬಿಡುವುದು. ಕಲ್ಲಿನಲ್ಲಿ ಉಳಿದ ಬಿಸಿಗೇ ಅವು ಹಪ್ಪಳದಂತೆ ಒಣಗುತ್ತಿದ್ದವು.

ಒಂದು ಭಾನುವಾರ ಪಡುಬಿದ್ರಿಯಿಂದ ಅವನ ಗೆಳೆಯರು ಬಂದರು. ಅವರು ಒಳಗೆ ಕೂತು ಬೆವರುವಷ್ಟರಲ್ಲಿ ಟಿಂಗ್ ಎಂದು ಹೀಟರು ಆರಿತು. ಮತ್ತೆ ತಿರುಗಿಸಿದರೆ ಮತ್ತೆ ಅದೇ ಕಥೆ.

"ಎಂತ ಭುಜಂಗ, ನಿನ್ನ ಬಹರೈನಿಗೂ ಲೋಡ್ ಶೆಡ್ಡಿಂಗ್ ಉಂಟಾ?" ಎಂದು ಅವರಲ್ಲೊಬ್ಬ ಡೊಮಿನಿಕ್ ಕೇಳಿದಾಗ ಎಲ್ಲರೂ ನಕ್ಕರು. ಭುಜಂಗನೂ ನಕ್ಕ.

ಅವರನ್ನು ಎಳನೀರು ಕುಡಿಯಲು ಕೂರಿಸಿ ಬಂದವನೇ ಹೆಂಡತಿಯ ಕೈಗೆ ಟಾರ್ಚು ಕೊಟ್ಟ. ಗಡಿಯಾರದಿಂದ ಎರಡು ವಯರು ಕಿತ್ತು, ಒಂದಕ್ಕೊಂದು ಸುತ್ತಿ ಟೇಪು ಅಂಟಿಸಿದ. ವಿನುತಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಇನ್ನು ಗಡಿಯಾರ ತನ್ನ ಪಾಡಿಗೆ ಟಿಕಟಿಕ ಅನ್ನುತ್ತಿತ್ತು, ಟಿಂಗ್ ಅನ್ನುತ್ತಿತ್ತು. ಕರೆಂಟಿಗೂ ಅದಕ್ಕೂ ಸಂಬಂಧವೇ ಉಳಿಯಲಿಲ್ಲ.

ಸುಗಂಧಿಗೆ ಹೇಳಬೇಡವೇ ಎಂದು ಸ್ವರ್ಣಲತಾ ಮೆಲ್ಲನೆ ಕೇಳಿದಳು. ನಾಳೆ ಮೊದಲಿನಂತೆ ಮಾಡುತ್ತೇನೆ, ಬಟ್ಟೆ ಒಗೆಯುವವಳ ಅಪ್ಪಣೆ ಬೇಕಾ ಎಂದು ಅವನು ಗದರಿದ. ಹೊರಗೆ ಬಾಯಿ ಬಿಟ್ಟರೆ ತವರಿನ ಬಸ್ಸು ಹತ್ತಿಸುತ್ತೇನೆ ಎಂದೂ ಹೇಳಿದ. ಅವಳು ಟಾರ್ಚು ಆರಿಸಿದಳು. ಆ ನಾಳೆ ಬರಲೇ ಇಲ್ಲ.

ಅದೇ ವಾರ ಗಡಿಯಾರ ಟಿಂಗ್ ಎಂದದ್ದು ಕೇಳಿ ಸುಗಂಧಿ ಅಂಗಿ ಹರವಿ ಬಾವಿಕಟ್ಟೆಗೆ ಹೋದಳು. ಹೊಗೆ ಕಂಡು ಓಡಿಬಂದಾಗ ಜಗಲಿಯಿಂದ ಭುಜಂಗ ಅಂಗಿ ತೆಗೆ, ಅಂಗಿ ತೆಗೆ ಎಂದು ಕೂಗುತ್ತಿದ್ದ. ಅವಳು ಎರಡೂ ಕೈಯಲ್ಲಿ ಬಾಚಿ ಎಳೆದಳು. ಪಾಲಿಯೆಸ್ಟರ್ ಕರಗಿ ಅವಳ ಅಂಗೈಗಳಿಗೆ ಅಂಟಿಕೊಂಡಿತು.

ಬಿರಡೆ ತಿರುಗಿಸಲು ಮರೆತು ಮನೆಗೇ ಬೆಂಕಿ ಹಾಕಿದಳು ಎಂದು ಭುಜಂಗ ಊರಿಗೆಲ್ಲ ಹೇಳಿದ. ಅವಳು ಬಟ್ಟೆ ಒಗೆಯುತ್ತಿದ್ದ ಉಳಿದ ಮನೆಯವರೂ ಇನ್ನು ಬರುವುದು ಬೇಡ ಎಂದು ಅವಳಿಗೆ ಹೇಳಿಕಳಿಸಿದರು. ಎರಡು ಮೂರು ಸಲ ವಿನುತಾ "ಅಮ್ಮಾ, ಆ ವಯರು..." ಎಂದು ಶುರುಮಾಡಿದಳು. ಪ್ರತಿ ಸಲವೂ ಸ್ವರ್ಣಲತಾ ಮಗಳನ್ನು ಎದೆಗೆ ಒತ್ತಿಕೊಂಡು ಅವಳ ಬಾಯಿ ಮುಚ್ಚಿದಳು.

ಕಡೆಗೆ ಸುಗಂಧಿಯೇ ಬಂದಳು. ಗಡಿಯಾರ ಟಿಂಗ್ ಎಂದದ್ದು ಸತ್ಯ, ದೈವದ ಎದುರು ಹೇಳುತ್ತೇನೆ ಎಂದಳು. ಭುಜಂಗ ಸಂತೋಷದಿಂದಲೇ ಒಪ್ಪಿದ. ಸಂಕ್ರಮಣದ ಬೆಳಿಗ್ಗೆ ಮನೆಯ ದೈವದ ಕೋಣೆಯ ಮುಂದೆ ನೆರೆಯವರು ಸೇರಿದರು. ಸ್ವರ್ಣಲತಾ ದೀಪ ಹಿಡಿದು ನಿಂತಿದ್ದಳು. ಈ ಸಲ ಬೆಳಕು ಅಲುಗಲಿಲ್ಲ.

"ಅಂಗೈಯಲ್ಲಿ ದೈವದ ಗಂಧ ಹಿಡಿದು ಹೇಳಬೇಕು," ಎಂದ ಭುಜಂಗ. "ಅಂಗೈ ಬಿಡಿಸು."

ಸುಗಂಧಿ ಸುತ್ತಿದ ಬಟ್ಟೆ ಬಿಚ್ಚಿದಳು. ಬೆರಳುಗಳು ಒಳಕ್ಕೆ ಮಡಚಿಕೊಂಡು ಅಂಟಿದ್ದವು. ಹಲ್ಲು ಕಚ್ಚಿ ಬಿಡಿಸಲು ನೋಡಿದಳು. ಮೊಣಕೈಗೆ ಗಾಯದ ನೀರು ಇಳಿಯಿತೇ ಹೊರತು ಬೆರಳು ಬಿಡಲಿಲ್ಲ.

"ಆಗುವುದಿಲ್ಲ ಧನಿಗಳೇ," ಎಂದಳು.

ಭುಜಂಗ ನೆರೆಯವರ ಕಡೆ ತಿರುಗಿದ. "ನೋಡಿದಿರಲ್ಲ? ಸುಳ್ಳು ಹೇಳುವವಳ ಕೈ ದೈವದ ಎದುರು ಬಿಡಿಸಿಕೊಳ್ಳುವುದಿಲ್ಲ."

ಹೌದೆಂಬಂತೆ ಒಬ್ಬರು ತಲೆಯಾಡಿಸಿದರು. ಸ್ವರ್ಣಲತಾಳ ಎರಡೂ ಕೈಯಲ್ಲಿ ದೀಪವಿತ್ತು; ಮಗಳ ಬಾಯಿ ಮುಚ್ಚಲು ಕೈ ಉಳಿದಿರಲಿಲ್ಲ. ವಿನುತಾ ತಾಯಿಯ ಸೆರಗು ಬಿಟ್ಟು ಮುಂದೆ ಬಂದು, ಸುಗಂಧಿಯ ಬೆರಳುಗಳನ್ನು ನೋಡಿ, ತಂದೆಯತ್ತ ಮುಖ ಎತ್ತಿದಳು.

"ಅಪ್ಪಾ, ಆ ಭಾನುವಾರ ನೀವು ಗಡಿಯಾರದ ವಯರು ತೆಗೆದಿರಲ್ಲ, ಅದನ್ನು ಮತ್ತೆ ಹಾಕಿದ್ದಿರಾ?"