ತೀರಿಸಬೇಕಾದ ಉಪವಾಸ

“ಆ ಪದ ಒಂದನ್ನ ಬಿಟ್ಟು ಬೇರೆ ಏನ್ ಬೇಕಾದ್ರೂ ಹೇಳಿ ಡಾಕ್ಟರಮ್ಮ. ನಿಮ್ಮ ಕೈಗೆ ಮುತ್ತಿಡ್ತೀನಿ.”

ಸಬ್ರಿ ಹೀಗೆ ಕೇಳಿಕೊಂಡದ್ದು ಇದೇ ಮೊದಲಲ್ಲ. ಪ್ರತಿ ಸಲವೂ ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾನು ಮುಂದಾಗಿ ಓಡಿಬಂದು, ಡಾಕ್ಟರ್ ಇಬ್ತಿಸಾಮ್‌ಳನ್ನು ಕೋಣೆಯ ಬಾಗಿಲಲ್ಲೇ ಅಡ್ಡಗಟ್ಟುತ್ತಿದ್ದ. ಐವತ್ತರ ಗಂಡಸು. ತಂತಾ ಪಟ್ಟಣದ ಹಳೆಯ ಮಾರುಕಟ್ಟೆಯಲ್ಲಿ ಉಪ್ಪಿನಕಾಯಿ ಅಂಗಡಿ ಇಟ್ಟವನು. ಎಷ್ಟು ತೊಳೆದುಕೊಂಡು ಬಂದರೂ ಮೈಯಿಂದ ವಿನೆಗರ್ ವಾಸನೆ ಹೋಗುತ್ತಿರಲಿಲ್ಲ. ಮಾತು ಮುಗಿಯುವುದರೊಳಗೆ ಅವನ ಕಣ್ಣು ತುಂಬಿಕೊಳ್ಳುತ್ತಿತ್ತು. ಅದರಲ್ಲಿ ನಟನೆ ಇರಲಿಲ್ಲ. ನಟನೆಯಾಗಿದ್ದರೆ ಇಬ್ತಿಸಾಮ್‌ಗೆ ಎಷ್ಟೋ ಸುಲಭವಾಗುತ್ತಿತ್ತು.

“ನಮ್ಮಪ್ಪಂಗೆ ಹಿಂಗೇ ಒಬ್ರು ಮುಖಕ್ಕೆ ಹೊಡ್ದಂಗೆ ಹೇಳ್ಬಿಟ್ರು. ಗೋಡೆ ಕಡೆ ತಿರುಗಿ ಮಲಗಿದೋರು ಮತ್ತೆ ಈ ಕಡೆ ತಿರುಗ್ಲೇ ಇಲ್ಲ. ಅವರನ್ನ ಕೊಂದಿದ್ದು ಕಾಯಿಲೆ ಅಲ್ಲ, ಆ ಮಾತು.”

“ಹೇಳಲ್ಲ ಸಬ್ರಿ. ಹೋಗಿ ಕರ್ಕೊಂಡ್ ಬಾ,” ಎಂದಳು ಇಬ್ತಿಸಾಮ್.

ಅವಳ ಹೆಸರಿಗೆ ಮುಗುಳ್ನಗೆ ಎಂದು ಅರ್ಥ. ಹೆಸರಿಟ್ಟವರು ಪಾಪ, ಮಗು ಮುಂದೆ ಎಂಥ ಕೆಲಸಕ್ಕೆ ಸೇರುತ್ತದೆಂದು ಕನಸು ಕಂಡಿರಲಿಲ್ಲ. ಈ ಊರಿನಲ್ಲಿ ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಆ ಕೆಟ್ಟದ್ದು’ ಎನ್ನುತ್ತಾರೆ, ಎಂದ ಕೂಡಲೇ ‘ಕೆಡುಕು ದೂರ ಹೋಗಲಿ’ ಎಂದು ಸೇರಿಸುತ್ತಾರೆ. ಆಸ್ಪತ್ರೆಯ ಮುಂಬಾಗಿಲ ಮೇಲೆ ಅದೇ ಹೆಸರನ್ನು ಆಳುದ್ದ ಅಕ್ಷರಗಳಲ್ಲಿ ಬರೆಸಿರುವುದರಿಂದ ಅರ್ಧಕ್ಕರ್ಧ ರೋಗಿಗಳನ್ನು ಮನೆಯವರು ಅಡುಗೆಮನೆಯ ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ತರುತ್ತಾರೆ. ಹೀಗೆ ಬಂದವರಿಗೆಲ್ಲ ಹುಣ್ಣು, ಉರಿಯೂತ, ಇಲ್ಲವೇ ಕಣ್ಣು ಬಿದ್ದದ್ದು. ತಲೆಯ ಕೂದಲು ಅಷ್ಟೂ ಉದುರಿ ಹೋದಾಗ, ಹುಣ್ಣಿನ ಔಷಧ ಸ್ವಲ್ಪ ಖಾರ ಎಂದು ಸಮಾಧಾನ ಹೇಳುತ್ತಾರೆ.

ಇಬ್ತಿಸಾಮ್ ಮಂಗಳವಾರಗಳಂದು ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದಳು. ರೋಗಿಗೆ ತನ್ನ ದೇಹದ ವಿಷಯ ತಿಳಿಯುವ ಹಕ್ಕಿದೆ, ಚಿಕಿತ್ಸೆ ಬೇಕೋ ಬೇಡವೋ ಎನ್ನುವ ಹಕ್ಕು ಅವನದೇ, ಮಗನದಲ್ಲ, ವೈದ್ಯನದೂ ಅಲ್ಲ ಎಂದು ಬೋರ್ಡಿನ ಮೇಲೆ ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು ಕೆಳಗಿಳಿದು ಬಂದರೆ ಬಾಗಿಲಲ್ಲಿ ಸಬ್ರಿಯಂಥವರು ನಿಂತಿರುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮೊದಮೊದಲು ಜಗಳವಾಡುತ್ತಿದ್ದಳು. ಜಗಳವಾಡಿದರೆ ಮನೆಯವರು ರೋಗಿಯನ್ನೇ ಎತ್ತಿಕೊಂಡು ಹೋಗಿಬಿಡುತ್ತಿದ್ದರು, ಔಷಧವೂ ಇಲ್ಲ, ಮಾತೂ ಇಲ್ಲ. ಆಮೇಲೆ ಜಗಳ ಬಿಟ್ಟಳು. ಈಗ ಸುಳ್ಳು ಹೇಳುವುದಕ್ಕೆ ಅವಳಿಗೆ ಬೇಸರವಿರಲಿಲ್ಲ, ಬರೀ ಆಯಾಸವಿತ್ತು.

ಸಬ್ರಿ ತಾಯಿಯ ತೋಳು ಹಿಡಿದು ಒಳಗೆ ತಂದ. ಹಿರಿಯಳೆಂಬ ಮರ್ಯಾದೆಗೆ ಎಲ್ಲರೂ ‘ಹಾಗ್ಗಾ’ ಎಂದು ಕರೆಯುತ್ತಿದ್ದ ಬಹೀಗಾ ಒಂದು ಕಾಲಕ್ಕೆ ಮಾರುಕಟ್ಟೆಯಲ್ಲಿ ಗಟ್ಟಿ ಗಂಟಲಿನ ಹೆಂಗಸು. ಗಂಡನ ಅಂಗಡಿಯನ್ನು ಅವನಿದ್ದಾಗಲೂ ಅವನು ಹೋದಮೇಲೂ ನಡೆಸಿದ್ದು ಅವಳೇ. ಈಗ ಕಪ್ಪು ನಿಲುವಂಗಿಯೊಳಗೆ ಆಸಾಮಿ ಅರ್ಧವಾಗಿದ್ದಳು. ಕುರ್ಚಿಯಲ್ಲಿ ಕೂತವಳೇ ಕೋಣೆಯ ಚಾವಣಿಗೆ ಕಟ್ಟಿದ್ದ ಬಣ್ಣದ ಕಾಗದದ ತೋರಣ ನೋಡಿದಳು. ರಂಜಾನ್‌ಗೆ ಇನ್ನು ಕೆಲವೇ ದಿನಗಳಿದ್ದವು.

“ಯಾರಪ್ಪಾ ಕಟ್ಟಿದ್ದು ಇದನ್ನ? ಒಂದು ಕಡೆ ಜೋತು ಬಿದ್ದಿದೆ,” ಎಂದಳು.

ಇಬ್ತಿಸಾಮ್‌ಳ ಕಣ್ಣು ರಕ್ತಪರೀಕ್ಷೆಯ ಕಾಗದದ ಮೇಲಿತ್ತು. ಮುದುಕಿಯ ಮೂತ್ರಪಿಂಡಗಳು ಕಳೆದ ತಿಂಗಳು ಚೆನ್ನಾಗಿದ್ದವು, ಈಗ ಹದಗೆಟ್ಟಿದ್ದವು. ಇಂಥ ಸ್ಥಿತಿಯಲ್ಲಿ ಆ ರೋಗದ ಔಷಧದ ಇವತ್ತಿನ ಡ್ರಿಪ್ ಹಾಕುವ ಮಾತೇ ಇರಲಿಲ್ಲ.

“ವಾಂತಿ ಆಗ್ತಿದೆಯಾ ಹಾಗ್ಗಾ? ಭೇದಿ? ನೋವಿಗೆ ಅಂತ ಅಂಗಡಿಯಿಂದ ಮಾತ್ರೆ ತಗೊಂಡ್ರಾ?”

“ಇಲ್ಲ ಮಗಳೇ.”

“ನೀರು ಕುಡೀತಿದ್ದೀರಾ?”

“ನಾನೇ ಬೆಳಿಗ್ಗೆ ಎರಡು ಬಾಟ್ಲಿ ತುಂಬಿಸಿ ತಲೆದಿಂಬಿನ ಹತ್ರ ಇಟ್ಟು ಅಂಗಡಿಗೆ ಹೋಗ್ತೀನಿ ಡಾಕ್ಟರಮ್ಮ. ಸಂಜೆ ಬಂದು ನೋಡಿದ್ರೆ ಎರಡೂ ಖಾಲಿ,” ಎಂದ ಸಬ್ರಿ, ಹೆಮ್ಮೆಯಿಂದ.

ಬಹೀಗಾ ಮಗನ ಕಡೆ ನೋಡಲಿಲ್ಲ. “ಬಾಲ್ಕನೀಲಿ ಪುದೀನಾ ಹೇಗೆ ಬಂದಿದೆ ನೋಡ್ದೇನೋ? ಆ ನೀರೆಲ್ಲ ಅದಕ್ಕೇ ಹಾಕೋದು.”



“ಯಾಕೆ?” ಎಂದಳು ಇಬ್ತಿಸಾಮ್.

“ಯಾಕೆ ಅಂದ್ರೆ? ಉಪವಾಸ ಇದ್ದೀನಲ್ಲ. ಹೋದ ರಂಜಾನ್ ಪೂರ್ತಿ ನೀವೇ ಬಿಡಿಸಿದ್ರಿ. ಬರೋ ರಂಜಾನ್ ಒಳಗೆ ಅದನ್ನ ತೀರಿಸ್ಬೇಕೋ ಬೇಡ್ವೋ? ಎದ್ದು ಕೂರೋಕಾದ ದಿನ ಎಲ್ಲಾ ಇಟ್ಕೊಂಡು ಬಂದೆ. ಇನ್ನೂ ಮುಗಿದಿಲ್ಲ.”

ಇಬ್ತಿಸಾಮ್‌ಗೆ ಸಿಟ್ಟು ನೆತ್ತಿಗೇರಿತು. ವಾರಗಟ್ಟಲೆ ಲೆಕ್ಕ ಹಾಕಿ, ಹನಿ ಹನಿ ಅಳೆದು ಔಷಧ ಕೊಟ್ಟಿದ್ದು, ಅದರ ಜೊತೆಗೆ ಈ ಮುದುಕಿ ಒಂದು ಗುಟುಕು ನೀರಿಲ್ಲದೆ ಹಗಲು ಕಳೆದಿದ್ದಾಳೆ. “ಯಾರು ಹೇಳಿದ್ರು ನಿಮಗೆ ಉಪವಾಸ ಮಾಡಿ ಅಂತ? ಮೈಯಲ್ಲಿ ಏನಿದೆ ಅಂತ ಉಪವಾಸ? ಒಂದು ಮಾತು ನನ್ನ ಕೇಳೋದಲ್ವಾ?”

“ನೀನೇ ಹೇಳಿದ್ದು.”

“ನಾನಾ?”

“ನೀನೇ ಮಗಳೇ. ಇದೇ ಕುರ್ಚೀಲಿ ಕೂತ್ಕೊಂಡು. ‘ಬರೀ ಹುಣ್ಣು ಹಾಗ್ಗಾ, ನಾಲ್ಕು ದಿನದ್ದು, ವಾಸಿಯಾಗುತ್ತೆ’ ಅಂದೆ. ನಾನು ನಮ್ಮ ಮಸೀದಿ ಶೇಖ್‌ನ ಕೇಳ್ದೆ. ವಾಸಿಯಾಗೋ ಕಾಯಿಲೆ ಆದ್ರೆ ಬಿಟ್ಟ ಉಪವಾಸ ಆಮೇಲೆ ತೀರಿಸ್ಬೇಕಮ್ಮ, ಬೇರೆ ದಾರಿ ಇಲ್ಲ ಅಂದ್ರು. ವಾಸಿಯಾಗದೇ ಇರೋದಾದ್ರೆ ಉಪವಾಸ ಬೇಡ, ಒಂದೊಂದು ದಿನಕ್ಕೆ ಒಬ್ಬ ಬಡವನಿಗೆ ಊಟ ಹಾಕಿದ್ರೆ ಮುಗೀತು ಅಂದ್ರು. ನಂದು ಯಾವ್ದು ಅಂದೆ. ಅದನ್ನ ಹೇಳೋಕೆ ನಾನ್ಯಾರು, ನಿಮ್ಮ ಡಾಕ್ಟರು ಏನಂದ್ರು ಅಂದ್ರು. ನೀನು ಹೇಳಿದ್ದನ್ನ ಹೇಳ್ದೆ.”

ಇಬ್ತಿಸಾಮ್ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟಳು. ಅವಳಿಗೆ ನಾಚಿಕೆಯಾಯಿತು. ತಾನು ಹೇಳಿದ ಸುಳ್ಳು ತಲೆದಿಂಬಿನಂಥದ್ದು, ಮೆತ್ತಗೆ ಒರಗಿಕೊಳ್ಳಲಿ ಎಂದು ಕೊಟ್ಟದ್ದು ಎಂದು ಇಷ್ಟು ದಿನ ತಿಳಿದಿದ್ದಳು. ಮುದುಕಿ ಅದನ್ನು ನಿಜವಾದ ಮಾತಿನಂತೆ ತೆಗೆದುಕೊಂಡು ಹೋಗಿ, ಅದನ್ನೇ ನಂಬಿ ನೀರು ಕುಡಿಯುವುದನ್ನು ಬಿಟ್ಟಿದ್ದಳು. ಸುಳ್ಳಿನಂತೆ ಯಾರಾದರೂ ಹಾಗೆ ನಡೆದುಕೊಳ್ಳುತ್ತಾರೆಂದು ವೈದ್ಯರು ಎಣಿಸುವುದಿಲ್ಲ.

“ಅದಕ್ಕೇ ಇವತ್ತು ಸರಿಯಾಗಿ ಕೇಳೋಣ ಅಂತ ಬಂದೆ,” ಎಂದಳು ಬಹೀಗಾ. ಉಸಿರು ಎಳೆದುಕೊಳ್ಳಲು ಸ್ವಲ್ಪ ನಿಲ್ಲಿಸಿದಳು. “ರೋಗದ ಹೆಸರು ನಾನು ಕೇಳ್ತಿಲ್ಲ. ಹೆಸರು ನಿಮ್ಮ ಹತ್ರಾನೇ ಇರ್ಲಿ, ನಂಗೇನೂ ಆಗ್ಬೇಕಾಗಿಲ್ಲ. ಒಂದೇ ಮಾತು ಹೇಳು. ನಾನು ತೀರಿಸ್ಬೇಕೋ, ಊಟ ಹಾಕ್ಬೇಕೋ?”

“ತೀರಿಸೋದು ಅಮ್ಮಾ,” ಎಂದು ಸಬ್ರಿ ತಟ್ಟನೆ ಬಾಯಿ ಹಾಕಿದ. “ಅವಸರ ಏನಿದೆ? ಎಲ್ಲಾ ವಾಸಿಯಾದ್ಮೇಲೆ, ಚಳಿಗಾಲದಲ್ಲಿ, ಹಗಲು ಚಿಕ್ಕದಿರುತ್ತಲ್ಲ ಆವಾಗ.”

“ನೀನು ಯಾವಾಗಿಂದ ಡಾಕ್ಟರಾದೆ? ಮೂಲಂಗಿ ಹೆಚ್ಚೋಕೆ ಬರಲ್ಲ.”

“ಅಮ್ಮಾ…”

“ಸುಮ್ನಿರು. ನಾನು ಇವಳನ್ನ ಕೇಳ್ತಿರೋದು. ನೋಡು ಮಗಳೇ, ಹೊಟ್ಟೆ ವಿಷಯದಲ್ಲಿ ನೀನು ಏನು ಹೇಳಿದ್ರೂ ನಂಬಿದ್ದೀನಿ, ಇನ್ನೂ ನಂಬ್ತೀನಿ. ಆದ್ರೆ ಇದು ಹೊಟ್ಟೆ ವಿಷಯ ಅಲ್ಲ. ನಾಳೆ ದೇವರ ಮುಂದೆ ನಿಂತ್ಕೊಂಡು, ಡಾಕ್ಟರಮ್ಮ ಹಿಂಗಂದ್ರು ಅಂತ ಹೇಳೋಳು ನಾನು. ತಪ್ಪಾಗಿದ್ರೆ ಪಾಪ ನಿನ್ನ ತಲೆಗೆ.”

ಸಬ್ರಿ ತಾಯಿಯ ಬೆನ್ನ ಹಿಂದೆ ನಿಂತು ಎರಡೂ ಕೈ ಎತ್ತಿ ಬೇಡ, ಬೇಡ ಎಂದು ಅಲ್ಲಾಡಿಸುತ್ತಿದ್ದ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಇಬ್ತಿಸಾಮ್ ಅವನನ್ನು ನೋಡಿದಳು, ಅವನ ತಂದೆಯ ಗೋಡೆಯನ್ನೂ ನೆನೆದಳು. ಅವನು ಕೆಟ್ಟವನಲ್ಲ. ತಾನು ಹೊತ್ತ ಭಾರ ತಾಯಿಯ ಮೇಲೆ ಬೀಳಬಾರದೆಂದು ಒಂದು ವರ್ಷದಿಂದ ಒಬ್ಬನೇ ಹೊತ್ತವನು. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿದ್ದರು, ಅವರ ಮುಂದೆಲ್ಲ ಒಬ್ಬೊಬ್ಬ ಸಬ್ರಿ. ಎಲ್ಲರಿಗೂ ಹೂಂ ಅಂದು ಅಂದು ಅವಳ ನಾಲಿಗೆ ಸೋತಿತ್ತು.

“ಊಟ ಹಾಕಿ ಹಾಗ್ಗಾ,” ಎಂದಳು.

ಬಹೀಗಾ ರೆಪ್ಪೆ ಬಡಿಯಲಿಲ್ಲ. “ಹೋದ ವರ್ಷದ್ದಕ್ಕೆ?”

“ಹೋದ ವರ್ಷದ್ದಕ್ಕೂ. ಈ ವರ್ಷದ್ದಕ್ಕೂ.”

ಮುದುಕಿ ಉಪ್ಪಿನಕಾಯಿಯ ನಿಂಬೆ, ಕುಸುಬೆಯ ಹಳದಿ ಹತ್ತಿ ಹೋಗದೆ ಉಳಿದಿದ್ದ ತನ್ನ ಉಗುರುಗಳನ್ನು ಒಂದೊಂದಾಗಿ ನೋಡಿಕೊಂಡಳು. ಆಮೇಲೆ ಬೆಲೆ ವಿಚಾರಿಸುವವಳಂತೆ, ಸಹಜವಾಗಿಯೇ ಕೇಳಿದಳು: “ಬರೋ ವರ್ಷದ್ದನ್ನೂ ಈಗ್ಲೇ ಹಾಕ್ಬಿಡ್ಲಾ?”

ಇಬ್ತಿಸಾಮ್ ಕುರ್ಚಿಯಿಂದ ಎದ್ದು ಬಂದು ಅವಳ ಪಕ್ಕದ ಸ್ಟೂಲಿನಲ್ಲಿ ಕೂತಳು. “ಬೇಡ ಹಾಗ್ಗಾ. ಬರೋ ವರ್ಷದ್ದು ನಿಮ್ಮ ಮೇಲೆ ಇರಲ್ಲ.”

“ಹಾಂ,” ಎಂದಳು ಬಹೀಗಾ. “ಅಲ್‌ಹಮ್ದುಲಿಲ್ಲಾ.”

ಸಬ್ರಿ ಗೋಡೆಗೆ ಒರಗಿದ. ಆಮೇಲೆ ಸ್ಫೋಟಿಸಿದ. “ಮಾತು ಕೊಟ್ಟಿದ್ರಿ! ಬಾಗಿಲಲ್ಲಿ ಈಗ ತಾನೇ ಮಾತು ಕೊಟ್ರಿ! ನಿಮಗೇನು, ಸಂಜೆ ಕೋಟು ಬಿಚ್ಚಿಟ್ಟು ಮನೆಗೆ ಹೋಗ್ತೀರಿ. ನಾಳೆ ಇವಳೂ ಗೋಡೆ ಕಡೆ ತಿರುಗಿ ಮಲಗಿದ್ರೆ ನಾನೇನ್ ಮಾಡ್ಲಿ? ಹೇಳಿ, ನಾನೇನ್ ಮಾಡ್ಲಿ?”

ಅವನು ಹೇಳಿದ್ದು ನಿಜವೂ ಆಗಬಹುದಿತ್ತು.

“ನಮ್ಮನೇಲಿ ಗೋಡೆ ಎಲ್ಲಿದೆಯೋ?” ಎಂದಳು ಬಹೀಗಾ. “ಯಾವ ಕಡೆ ತಿರುಗಿದ್ರೂ ನಿನ್ನ ಬರಣಿಗಳೇ. ನಿಮ್ಮಪ್ಪನ್ನ ಬಿಡು, ಶೀತ ಆದ್ರೂ ಉಯಿಲು ಬರೆಯೋಕೆ ಕೂರೋ ಮನುಷ್ಯ. ಕಿರುಚ್ಬೇಡ, ಹೊರಗೆ ಜನ ಇದಾರೆ.” ಅವಳ ದನಿ ಮೆಲ್ಲಗಿತ್ತು, ಆದರೆ ಐವತ್ತು ವರ್ಷದ ಮಗ ಸುಮ್ಮನಾದ.

ಅವಳು ಡಾಕ್ಟರ ಕಡೆ ತಿರುಗಿದಳು. “ಆ ಬಾಟ್ಲಿ ನೇತುಹಾಕ್ತೀರಲ್ಲ, ಅದನ್ನ ಹಾಕಿಸ್ಕೊಂಡ್ರೆ ಏನಾಗುತ್ತೆ?”

“ಮೊದಲು ಕಿಡ್ನಿ ಸುಧಾರಿಸ್ಬೇಕು. ಆಮೇಲೆ ಹಾಕಿಸ್ಕೊಂಡ್ರೆ ಸ್ವಲ್ಪ ದಿನ ಹೆಚ್ಚು ಸಿಗಬಹುದು. ಸಿಗದೇನೂ ಇರಬಹುದು.”

“ಆ ಹೆಚ್ಚಿನ ದಿನ ಎದ್ದು ಓಡಾಡ್ತೀನಾ, ಇಲ್ಲ ಬಕೆಟ್ ಮುಂದೆ ಬಗ್ಗಿರ್ತೀನಾ?”

“ಜಾಸ್ತಿ ಬಕೆಟ್ ಮುಂದೇನೇ,” ಎಂದಳು ಇಬ್ತಿಸಾಮ್. ಹಾಕಿಸಿಕೊಳ್ಳಿ ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡಳು.

“ಹಾಗಾದ್ರೆ ನಂಗೆ ಬೇಡ. ನಾನು ಅಡುಗೆ ಮಾಡ್ಬೇಕು. ಎರಡು ರಂಜಾನ್‌ದು ಅಂದ್ರೆ ಸುಮಾರು ಜನ ಆಗ್ತಾರೆ. ಬೇರೆಯವರ ಕೈಲಿ ಮಾಡ್ಸಿ ಕಳಿಸೋಕೆ ನಂಗೆ ಇಷ್ಟ ಇಲ್ಲ, ಅನ್ನಕ್ಕೆ ತುಪ್ಪ ಹಾಕೋಕೆ ಕೈ ನಡುಗುತ್ತೆ ಈ ಕಾಲದವರಿಗೆ. ಕೂತ್ಕೊಂಡಾದ್ರೂ ನಾನೇ ಬಡಿಸ್ತೀನಿ. ನೋವು ಬಂದ್ರೆ ಅದಕ್ಕೆ ಮಾತ್ರ ಏನಾದ್ರೂ ಕೊಡು.”

“ಕೊಡ್ತೀನಿ.”

“ಅಮ್ಮಾ, ಬೇಡಮ್ಮ, ಒಂದು ಸಲ ಹಾಕಿಸ್ಕೋ,” ಎಂದ ಸಬ್ರಿ. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. “ನಂಗೋಸ್ಕರ.”

“ನಿಂಗೋಸ್ಕರಾನೇ ಇಷ್ಟು ದಿನ ಹಾಕಿಸ್ಕೊಂಡೆ ಕಂದಾ,” ಎಂದಳು ಬಹೀಗಾ.

ಇಬ್ತಿಸಾಮ್ ತಲೆ ಎತ್ತಿದಳು. ಮುದುಕಿಯ ಮುಖದಲ್ಲಿ ಏನೂ ಕಾಣಲಿಲ್ಲ, ದಣಿವು ಬಿಟ್ಟು. ಎಷ್ಟು ದಿನದಿಂದ ಎಷ್ಟು ತಿಳಿದಿತ್ತೆಂದು ಕೇಳುವ ಧೈರ್ಯ ಇಬ್ತಿಸಾಮ್‌ಗೂ ಆಗಲಿಲ್ಲ, ಮಗನಿಗೂ ಆಗಲಿಲ್ಲ.

ಬಹೀಗಾ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. “ಹಾಗಾದ್ರೆ ಇವತ್ತಿನದ್ದನ್ನೂ ಇಟ್ಕೊಳ್ಳೋದು ಬೇಡ ಅಲ್ವಾ?”

“ಇವತ್ತೂ ಇದ್ದೀರಾ?”

“ಗುರುವಾರ ಅಲ್ವಾ, ಒಳ್ಳೇ ದಿನ ಅಂತ ಹಿಡಿದಿದ್ದೆ.”

ಇಬ್ತಿಸಾಮ್ ಎದ್ದು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ತಂದಳು. ಬಹೀಗಾ ಕೈ ಚಾಚಿದಳು, ಲೋಟ ವಾಲಿ ನೀರು ನಿಲುವಂಗಿಯ ಮೇಲೆ ಚೆಲ್ಲಿತು. ಸಬ್ರಿ ಗೋಡೆ ಬಿಟ್ಟು ಬಂದ. ತಾಯಿಯ ಎದುರು ನೆಲದ ಮೇಲೆ ಮಂಡಿಯೂರಿ ಲೋಟವನ್ನು ಹಿಡಿದುಕೊಂಡ. ಹುಟ್ಟಿದಾಗಿನಿಂದ ಅವನು ನೋಡಿದ್ದ ತಾಯಿ ಹಿಡಿದ ಉಪವಾಸವನ್ನು ಸೂರ್ಯ ಮುಳುಗುವ ಮೊದಲು ಬಿಟ್ಟವಳಲ್ಲ. ಅವನು ಲೋಟವನ್ನು ತುಟಿಯವರೆಗೆ ಒಯ್ಯಲಾರದೆ ಅಲ್ಲೇ ನಿಲ್ಲಿಸಿದ.

ಬಹೀಗಾ ಬಿಸ್ಮಿಲ್ಲಾ ಎಂದಳು. ಮಗನ ಕೈಯ ಮೇಲೆ ತನ್ನ ಎರಡೂ ಕೈ ಇಟ್ಟು ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು, ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಂಡು ಕುಡಿದಳು. ಕಿಟಕಿಯ ಹೊರಗೆ ಬಿಸಿಲು ನೆತ್ತಿಯ ಮೇಲಿತ್ತು. ನಡುಹಗಲಿನ ಆಜಾನ್ ಕೂಡ ಇನ್ನೂ ಆಗಿರಲಿಲ್ಲ.